ಟೀಡೆಮನ್ನರ ಕಿವಿ

ಡೆವನ್‌ಪೋರ್ಟ್, ಅಯೋವಾ
ಗುರುವಾರ, ೧೨ ಅಕ್ಟೋಬರ್ ೧೯೧೧

ಪ್ರೀತಿಯ ಎಮಿಲ್‌ಗೆ ಅಪ್ಪನ ನೆನಪುಗಳು.

ನಿನ್ನ ಕೆಮ್ಮು ಹೇಗಿದೆ? ರೈಲಿನ ಹೊಗೆಗೆ ಮತ್ತೆ ಎದ್ದಿತೋ ಏನೋ ಎಂದು ನನ್ನ ಸೊಸೆ ಒಟೀಲಿ ದಿನಕ್ಕೆ ಮೂರು ಸಲ ಕೇಳುತ್ತಾಳೆ, ಬಾಸ್ಟನ್ನಿನ ಸುದ್ದಿಯೆಲ್ಲ ನನಗೆ ತಿಳಿದಿರುವ ಹಾಗೆ. ಅವಳು ಹೆಣೆದುಕೊಟ್ಟ ಉಣ್ಣೆಯ ಪಟ್ಟಿಯನ್ನು ಕತ್ತಿಗೆ ಸುತ್ತಿಕೊಳ್ಳುತ್ತಿದ್ದೀಯೋ, ಇಲ್ಲಾ ದೊಡ್ಡ ಮನುಷ್ಯರ ಎದುರು ಚೆಂದ ಕಾಣುವುದಿಲ್ಲವೆಂದು ಪೆಟ್ಟಿಗೆಯಲ್ಲೇ ಬಿಟ್ಟಿದ್ದೀಯೋ? ನಿನ್ನನ್ನು ಬಲ್ಲೆ, ಬಿಟ್ಟಿರುತ್ತೀಯ. ಇಲ್ಲಿ ಎಲ್ಲರೂ ಕ್ಷೇಮ. ಪುಟ್ಟಿ ಫ್ರೀಡಾಳ ಮುಂದಿನ ಹಲ್ಲು ಬಿದ್ದಿದೆ; ಬಿದ್ದ ಹಲ್ಲನ್ನು ಕಾಗದದಲ್ಲಿ ಕಟ್ಟಿ ಅಪ್ಪನಿಗೆ ಕಳಿಸಬೇಕೆಂದು ಹಟ ಹಿಡಿದಿದ್ದಳು, ಅಂಚೆಯವರು ಹಲ್ಲು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಸಮಾಧಾನ ಮಾಡಿದ್ದೇನೆ. ಒಟೀಲಿ ಮೊನ್ನೆ ಪ್ಲಮ್ ಹಣ್ಣಿನ ಕೇಕ್ ಮಾಡಿದ್ದಳು. ನಿನ್ನ ಪಾಲಿನದನ್ನೂ ನಾನೇ ತಿಂದೆ, ಕೋಪ ಮಾಡಿಕೊಳ್ಳಬೇಡ.

ಅಂಗಡಿಯ ಸುದ್ದಿ ಹೇಳಬೇಕು. ಎದುರು ಬೀದಿಯ ಪಿಯಾನೋ ವ್ಯಾಪಾರಿ ಹಾಲ್‌ವೆಲ್ ಮತ್ತೆ ಒಗಟಿನ ಸ್ಪರ್ಧೆ ಶುರುಮಾಡಿದ್ದಾನೆ. ಮರದ ಚಿತ್ರದಲ್ಲಿ ಅಡಗಿರುವ ಏಳು ಮುಖ ಹುಡುಕಿದವರಿಗೆ ಪಿಯಾನೋ ಬೆಲೆಯಲ್ಲಿ ನೂರು ಡಾಲರ್ ಕಡಿತದ ಚೀಟಿ. ಏಳು ಮುಖಗಳನ್ನು ಕುರುಡನೂ ಹುಡುಕಬಹುದು. ಊರಿಗೆ ಊರೇ ಗೆದ್ದಿದೆ. ಆ ನೂರು ಡಾಲರನ್ನು ಅವನು ಮೊದಲೇ ಬೆಲೆಗೆ ಸೇರಿಸಿರುತ್ತಾನೆ, ಪಿಯಾನೋದ ಮೇಲಿರುವ ಹೆಸರೂ ಯಾವುದೋ ದೊಡ್ಡ ಕಂಪನಿಯ ಹೆಸರಿನಂತೆಯೇ ಕಾಣುವ ಒಂದು ಸುಳ್ಳು ಹೆಸರು. ಮೊದಮೊದಲು ನಾನೂ ನಿನಗೆ, ನಾವೂ ಇಂಥದ್ದೇನಾದರೂ ಮಾಡದಿದ್ದರೆ ಬಾಗಿಲು ಹಾಕಬೇಕಾಗುತ್ತದೆ ಎಂದಿದ್ದೆ. ನೀನು ಕೇಳಲಿಲ್ಲ. ಪತ್ರಿಕೆಯಲ್ಲಿ ಅರ್ಧ ಪುಟ ಕೊಂಡು, ನಡುವೆ ಒಂದೇ ಒಂದು ಪಿಯಾನೋದ ಚಿತ್ರ, ಕೆಳಗೆ ನಾಲ್ಕು ಸಾಲು ಹಾಕಿಸಿದೆ. ಬೆಲೆ ಇಲ್ಲ, ರಿಯಾಯಿತಿ ಇಲ್ಲ, ಸುತ್ತ ಬರೀ ಬಿಳಿ ಜಾಗ. ಪತ್ರಿಕೆಯ ಲುಡ್ಕೆ ನಕ್ಕದ್ದು ನೆನಪಿದೆಯೇ? “ಏನ್ರೀ ಎಮಿಲ್, ಖಾಲಿ ಕಾಗದಕ್ಕೂ ದುಡ್ಡು ಕೊಡ್ತೀರಾ? ನಿಮ್ಮಂಥೋರು ಇನ್ನಿಬ್ರು ಸಿಕ್ಕಿದ್ರೆ ಅಕ್ಷರ ಜೋಡ್ಸೋರನ್ನೆಲ್ಲ ಮನೆಗೆ ಕಳಿಸಿಬಿಡ್ತೀನಿ.” ಒಂದು ವರ್ಷ ಜನ ಬರಲಿಲ್ಲ. ಆಮೇಲೆ ಡಾಕ್ಟರರ ಹೆಂಡತಿ ಬಂದರು, ನ್ಯಾಯಾಧೀಶರ ಮನೆಯವರು ಬಂದರು, ಕೊನೆಗೆ ಈ ಬೇಸಿಗೆಯಲ್ಲಿ ಕಸಾಯಿ ಅಂಗಡಿಯ ಹಿಂಟ್ಸೆ ಕೂಡ ಏಪ್ರನ್ ಬಿಚ್ಚಿಟ್ಟು ಟೋಪಿ ಕೈಯಲ್ಲಿ ಹಿಡಿದು, ಮಗಳಿಗೆ ಒಳ್ಳೆಯದೇ ಬೇಕು ಎಂದು ಬಂದ. ಅವನು ಬೆಲೆ ಕೇಳಲೂ ಇಲ್ಲ, ಟೀಡೆಮನ್ನರು ಕೊಟ್ಟರೆ ಸರಿ ಅಂದ. ಅಂದು ನಾನು ಹಿಂದಿನ ಕೋಣೆಗೆ ಹೋಗಿ ಕಣ್ಣೊರೆಸಿಕೊಂಡೆ. ನಿನಗೆ ಹೇಳಿರಲಿಲ್ಲ.

ನನ್ನ ಕಿವಿಯನ್ನು ನೀನು ಪತ್ರಿಕೆಗೆ ಹಾಕಿದ್ದು ಅದಕ್ಕೆ ಬಹಳ ಮೊದಲೇ. ಪ್ರತಿ ಪಿಯಾನೋದ ಶ್ರುತಿಯನ್ನು ಕಾನ್ರಾಡ್ ಟೀಡೆಮನ್ ತಾವೇ ನೋಡುತ್ತಾರೆ, ಒಪ್ಪಿದ ಮೇಲೆ ಮೊದಲ ಕೀಯ ಪಕ್ಕದ ಮರದಲ್ಲಿ ಪೆನ್ಸಿಲ್‌ನಿಂದ ಹೆಸರು ಮತ್ತು ತಾರೀಖು ಬರೆಯುತ್ತಾರೆ, ಆ ಹೆಸರಿಲ್ಲದ ಪಿಯಾನೋ ನಮ್ಮ ಹೊಸಿಲು ದಾಟುವುದಿಲ್ಲ ಎಂದು ಬರೆದೆ. ಶ್ರುತಿ ಮಾಡುವವರು ಹಾಗೆ ಹೆಸರು ಬರೆಯುವುದು ನನ್ನ ಗುರುವಿನ ಕಾಲದಿಂದಲೂ ಇದ್ದದ್ದೇ. ಯಾರಿಗೂ ಕಾಣದ ಜಾಗದಲ್ಲಿ, ಮುಂದೆ ಎಂದೋ ಕೀ ತೆಗೆಯುವ ಇನ್ನೊಬ್ಬ ಶ್ರುತಿಗಾರನಿಗಾಗಿ. ನೀನು ಅದನ್ನು ಊರಿಗೆಲ್ಲ ತೋರಿಸಿದೆ. ನನಗೆ ನಾಚಿಕೆಯಾಯಿತು ಎಂದೆನಲ್ಲ, ಅದು ಅರ್ಧ ಸತ್ಯ. ಖುಷಿಯೂ ಆಗಿತ್ತು. ಕ್ಷೌರಿಕ ರುಪ್ರೆಕ್ಟ್ ಕತ್ತರಿ ಎತ್ತಿದಾಗಲೆಲ್ಲ, “ಅಲ್ಲಾಡ್ಬೇಡಿ ಯಜಮಾನ್ರೇ, ಇದು ಪೇಪರ್ನಲ್ಲಿ ಬಂದ ಕಿವಿ, ಒಂಚೂರು ತಾಗಿದ್ರೂ ನಿಮ್ಮ ಮಗ ನನ್ನ ಮೇಲೆ ಕೇಸ್ ಹಾಕ್ತಾನೆ” ಅನ್ನುತ್ತಿದ್ದ. ಅರವತ್ತೆಂಟನೆಯ ವಯಸ್ಸಿನಲ್ಲಿ ಹೊಗಳಿಕೆ ಬಲು ಬೇಗ ತಲೆಗೇರುತ್ತದೆ, ಮಗನೇ.

ಮೊನ್ನೆ ಸೋಮವಾರ ಮಿಸ್ ಪ್ರೂಯೆಟ್ ಅಂಗಡಿಗೆ ಬಂದಿದ್ದರು. ಜೂನ್‌ನಲ್ಲಿ ನಮ್ಮಿಂದ ವಾಲ್‌ನಟ್ ಮರದ ಪಿಯಾನೋ ಕೊಂಡು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರಲ್ಲ, ಅವರೇ. ಕೈಗವಸು ಬಿಚ್ಚುತ್ತ, “ಟೀಡೆಮನ್ ಅವ್ರೇ, ನಿಮ್ಮ ಪಿಯಾನೋದಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಮಾತು ಬಿಟ್ಟಿವೆ, ಬಂದು ರಾಜಿ ಮಾಡಿಸಿ” ಎಂದರು. ಹವೆ ಬದಲಾದರೆ ತಂತಿ ಸಡಿಲವಾಗುವುದು ಇದ್ದದ್ದೇ. ಚೀಲ ಹಿಡಿದು ಅವರ ಜೊತೆಯಲ್ಲೇ ಹೊರಟೆ. ಅವರ ಮನೆಯಲ್ಲಿ ಕೂತು ಬಲಗಡೆಯ ಕೊನೆಯ ಕೀಗಳನ್ನು ಒಂದೊಂದಾಗಿ ಒತ್ತಿದೆ. ಟಕ್, ಟಕ್, ಟಕ್. ಸುತ್ತಿಗೆ ತಾಗಿದ ಮರದ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಮೊದಲು, ತಂತಿಗೆ ಏನೋ ಅಡ್ಡ ಬಂದಿದೆ ಅಂದುಕೊಂಡೆ. ಮುಚ್ಚಳ ತೆಗೆದು ನೋಡಿದೆ, ತಂತಿಗಳು ಸರಿಯಾಗೇ ಇದ್ದವು. “ಕೇಳಿಸ್ತಾ ಇದ್ಯಲ್ಲ, ಎಷ್ಟು ಅಪಸ್ವರ ಅಂತ?” ಎಂದು ಅವರು ಕೇಳಿದಾಗ ಹೌದು ಎಂದುಬಿಟ್ಟೆ. ಸುಳ್ಳು ಹೇಳಿದೆ, ಎಮಿಲ್. ಹೇಳಿ, ತಂತಿ ಬಿಗಿಯುವ ಕೀಲಿ ಹಾಕಿ ತಿರುಗಿಸುತ್ತ ಅವರ ಮುಖವನ್ನು ನೋಡತೊಡಗಿದೆ, ಹುಬ್ಬು ಯಾವಾಗ ಸಡಿಲವಾಗುತ್ತದೋ ಆಗ ನಿಲ್ಲಿಸೋಣವೆಂದು. ನಲವತ್ತೆಂಟು ವರ್ಷ ಈ ಕೆಲಸ ಮಾಡಿದವನು ಒಬ್ಬ ಟೀಚರಮ್ಮನ ಹುಬ್ಬು ನೋಡಿ ಶ್ರುತಿ ಮಾಡಿದೆ. ಅವರು ನನ್ನ ಕೈ ಹಿಡಿದು ಮೆಲ್ಲಗೆ, “ಎಷ್ಟು ದಿನದಿಂದ ಹೀಗೆ?” ಅಂದರು.

ಎಷ್ಟು ದಿನದಿಂದ ಎಂದು ನನಗೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದೆ. ಹೋದ ವರ್ಷ ಇಷ್ಟು ಹೊತ್ತಿಗೆ, ಈ ಸಲ ಜೀರುಂಡೆಗಳು ಬೇಗ ಸತ್ತವು, ಚಳಿ ಜೋರಿರುತ್ತದೆ ಎಂದು ನಾನು ಒಟೀಲಿಗೆ ಹೇಳಿದ್ದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಮಾತು ಬದಲಿಸಿದ್ದಳು. ಹಾಗಾದರೆ ಒಂದು ವರ್ಷವಾಯಿತು. ಆ ವರ್ಷದಲ್ಲಿ ಎಷ್ಟು ಪಿಯಾನೋಗಳ ಮೇಲೆ ಹೆಸರು ಬರೆದೆ! ಒಬ್ಬರೂ ದೂರು ಹೇಳಿರಲಿಲ್ಲವಲ್ಲ, ಅದು ಹೇಗೆ ಎಂಬುದು ಮಾತ್ರ ತಿಳಿಯಲಿಲ್ಲ. ಅಂಗಡಿಗೆ ಬಂದು ಹಾಲ್ವರ್‌ನನ್ನು ಹಿಂದಿನ ಕೋಣೆಗೆ ಕರೆದೆ. ನಮ್ಮ ಎರಡನೆಯ ಶ್ರುತಿಗಾರ ಎಷ್ಟು ಮಾತಿನವನೆಂದು ನಿನಗೆ ಗೊತ್ತೇ ಇದೆ, ಒಂದು ವಾಕ್ಯ ಹೇಳಲು ಒಂದು ಋತು ಬೇಕು. ನಾನು ಹೆಸರು ಬರೆದ ಮೇಲೆ ನೀನು ಆ ಪಿಯಾನೋಗಳನ್ನು ಮುಟ್ಟುತ್ತೀಯಾ ಎಂದು ಕೇಳಿದೆ. “ಧೂಳು ಒರೆಸ್ತೀನಿ” ಅಂದ. ಕೀಲಿ ಹಿಡಿದುಕೊಂಡು ಧೂಳು ಒರೆಸುತ್ತೀಯಾ ಎಂದೆ. ತಲೆ ತಗ್ಗಿಸಿ ನಿಂತ. “ಮೇಲಿನ ಒಂದು ಹಿಡಿ ಸ್ವರ ಅಷ್ಟೇ ಯಜಮಾನ್ರೇ. ಮಿಕ್ಕಿದ್ದೆಲ್ಲ ನಿಮ್ದೇ, ಅದ್ರಲ್ಲಿ ನಾನು ಕೈ ಹಾಕೋಕೇನೂ ಇರ್ತಿರ್ಲಿಲ್ಲ” ಅಂದ. ಹೋದ ವರ್ಷದ ಅಕ್ಟೋಬರಿನಿಂದ ಅವನು ನನ್ನ ಹೆಸರಿನ ಕೆಳಗೆ ನನ್ನ ಕೆಲಸ ಮಾಡುತ್ತಿದ್ದಾನೆ. ನಾನು ಊಟಕ್ಕೆ ಮನೆಗೆ ಹೋದಾಗ. ಯಾರಿಗೂ ಹೇಳಿಲ್ಲ, ತನ್ನ ಹೆಂಡತಿಗೂ ಇಲ್ಲ. ಈ ಬೇಸಿಗೆಯಲ್ಲಿ ಬಂಡಿಯಿಂದ ಬಿದ್ದು ಅವನ ಕೈ ಮುರಿದಿತ್ತಲ್ಲ, ಆ ಎಂಟು ವಾರಗಳಲ್ಲಿ ಹೊರಗೆ ಹೋದ ಪಿಯಾನೋಗಳಲ್ಲಿ ಮಾತ್ರ ನನ್ನ ಕೆಲಸ ನನ್ನದಾಗಿಯೇ ಉಳಿದಿದೆ. ಮಿಸ್ ಪ್ರೂಯೆಟ್ ಅವರದು ಅವುಗಳಲ್ಲಿ ಒಂದು. ಹಿಂಟ್ಸೆಯ ಮಗಳದು ಇನ್ನೊಂದು.

ನನಗೆ ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ಆ ಹಳ್ಳಿ ಹೈದ ನನ್ನನ್ನು ಮಗುವಿನ ಹಾಗೆ ನೋಡಿಕೊಂಡನಲ್ಲ ಎಂದು. ಆಮೇಲೆ ಅವನನ್ನು ತಬ್ಬಿಕೊಂಡು ಅತ್ತೆ. ಅವನೂ ಗಾಬರಿಯಿಂದ, “ಹಂಗೇ ನಡೀಲಿ ಬಿಡಿ, ಯಾರ್ಗೆ ಗೊತ್ತಾಗುತ್ತೆ” ಎನ್ನುತ್ತಿದ್ದ. ಹಾಗೇ ನಡೆಯಬಹುದಿತ್ತು. ಎರಡು ದಿನ ಅದನ್ನೇ ಯೋಚಿಸಿದೆ. ಈ ಭಾನುವಾರದ ಅರ್ಧ ಪುಟದಲ್ಲಿ ನನ್ನ ಚಿತ್ರ ಬರಬೇಕು, ಕೆಳಗೆ ನೀನು ಬರೆದಿಟ್ಟು ಹೋದ ಸಾಲುಗಳು ಬರಬೇಕು. ಮರುದಿನ ನೀನು ಬಾಸ್ಟನ್ನಿನಲ್ಲಿ ಕರಾರಿಗೆ ಸಹಿ ಹಾಕಬೇಕು, ಅಲ್ಲಿನ ಆ ದೊಡ್ಡ ತಯಾರಕರ ಪಿಯಾನೋಗಳನ್ನು ಈ ನದಿಯ ಎರಡೂ ದಡದಲ್ಲಿ ನಾವೊಬ್ಬರೇ ಮಾರಬೇಕು. ಅವರು ಹಾಲ್‌ವೆಲ್‌ನನ್ನು ಬಿಟ್ಟು ನಮ್ಮನ್ನು ಕರೆದದ್ದೇ ಆ ಜಾಹೀರಾತುಗಳನ್ನು ನೋಡಿ. ನೀನು ಹೊರಡುವ ದಿನ ಅವರ ಕಾಗದವನ್ನು ನನಗೆ ಓದಿ ಹೇಳಿದೆ, “ನಿಮ್ಮ ತಂದೆಯವರ ಕಿವಿಯ ಬಗ್ಗೆ ಇಲ್ಲಿಯೂ ಕೇಳಿದ್ದೇವೆ” ಎಂದು ಅದರಲ್ಲಿತ್ತು. ಏಳು ವರ್ಷ ನೀನು ಕಾದಿದ್ದು ಈ ಒಂದು ಸಹಿಗೆ. ಅದನ್ನು ಕೆಡಿಸುವ ಅಪ್ಪನಾಗಲು ನನಗೆ ಭಯವಾಗುತ್ತದೆ. ನನ್ನ ಜೀವನದಲ್ಲಿ ಇಷ್ಟು ಭಯ ಎಂದೂ ಆಗಿರಲಿಲ್ಲ, ನಿನ್ನ ಅಮ್ಮ ಕಾಯಿಲೆ ಬಿದ್ದ ಆ ಚಳಿಗಾಲವನ್ನು ಬಿಟ್ಟರೆ.

ಒಟೀಲಿ ಊಟಕ್ಕೆ ಕರೆಯುತ್ತಿದ್ದಾಳೆ. ಅವಳ ದನಿ ಚೆನ್ನಾಗಿಯೇ ಕೇಳಿಸುತ್ತದೆ. ಮಾತು, ಗಂಟೆ, ಫ್ರೀಡಾಳ ರಂಪ, ಎಲ್ಲವೂ ಕೇಳಿಸುತ್ತವೆ, ಹೋಗಿರುವುದು ಮೇಲಿನದಷ್ಟೇ, ಆದ್ದರಿಂದ ನನ್ನ ಬಗ್ಗೆ ಮರುಗಬೇಡ. ದೇವರು ನಿನ್ನ ಎದೆಯನ್ನೂ ನಿನ್ನ ಮನಸ್ಸನ್ನೂ ಬೆಚ್ಚಗಿಡಲಿ. ನಿನಗೆ ಊಟ ಹಾಕುತ್ತಿರುವ ಆ ಮನೆಯಾಕೆಗೆ ನನ್ನ ವಂದನೆ ತಿಳಿಸು.

ನಿನ್ನ ಅಪ್ಪ,
ಕಾನ್ರಾಡ್ ಟೀಡೆಮನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಅಂಚೆಯ ರೈಲಿಗೆ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಲುಡ್ಕೆಯ ಬಳಿ ಹೋಗಿ ಭಾನುವಾರದ ಜಾಹೀರಾತನ್ನು ವಾಪಸು ಪಡೆದು ಬೇರೆ ಕೊಟ್ಟು ಬಂದೆ. ಅದೇ ಅರ್ಧ ಪುಟ, ನೀನು ಬಿಡುವಷ್ಟೇ ಬಿಳಿ ಜಾಗ, ಚಿತ್ರ ಇಲ್ಲ. ನಡುವೆ ಇಷ್ಟೇ: “ಕಳೆದ ವರ್ಷದ ಅಕ್ಟೋಬರಿನಿಂದ ನಾವು ಮಾರಿದ ಪಿಯಾನೋಗಳಲ್ಲಿ ನನ್ನ ಹೆಸರಿದೆ. ಅವುಗಳ ಮೇಲಿನ ಸ್ವರಗಳು ನನಗೆ ಕೇಳಿಸುತ್ತಿರಲಿಲ್ಲ. ಅವು ಸರಿಯಾಗಿದ್ದರೆ ಅದು ಹಾಲ್ವರ್ ನೆಸ್ಟೆಗೋರ್ ಅವರ ಕೆಲಸ. ಸರಿಯಿಲ್ಲದಿದ್ದರೆ ಅದು ನನ್ನದು. ಹೇಳಿ ಕಳಿಸಿ, ಅವರು ಬಂದು ಸರಿಮಾಡುತ್ತಾರೆ.” ಕೆಳಗೆ ನನ್ನ ಹೆಸರು. ಲುಡ್ಕೆ ಎರಡು ಸಲ ಓದಿದ, ಈ ಸಲ ತಮಾಷೆ ಮಾಡಲಿಲ್ಲ. “ಎಮಿಲ್‌ಗೆ ಗೊತ್ತಾ?” ಅಂದ. ಶನಿವಾರ ಗೊತ್ತಾಗುತ್ತದೆ ಎಂದೆ. ಶನಿವಾರ ಸಂಜೆಯೊಳಗೆ ನಿನ್ನ ಟೆಲಿಗ್ರಾಂ ಬಂದರೆ ಅಚ್ಚು ನಿಲ್ಲಿಸುತ್ತಾನಂತೆ. ಅಂಗಡಿ ನಡೆಸುವವನು ನೀನು, ಆ ಹಕ್ಕು ನಿನಗಿದೆ. ಟೆಲಿಗ್ರಾಂ ಕಳಿಸದಿದ್ದರೆ, ಸೋಮವಾರ ಸಹಿ ಹಾಕುವ ಮೊದಲು ಇದನ್ನು ಅವರಿಗೆ ಓದಿ ಹೇಳು, ಆಮೇಲೆ ಅವರು ಏನು ಮಾಡುತ್ತಾರೋ ಮಾಡಲಿ. ಕಳಿಸಿದರೆ, ನಾನು ನಿನ್ನ ಮೇಲೆ ಸಿಟ್ಟಾಗುವುದಿಲ್ಲ, ಆದರೆ ಬಾಗಿಲ ಮೇಲಿನ ಹಲಗೆಯಿಂದ ನನ್ನ ಹೆಸರನ್ನು ತೆಗೆಸಿಬಿಡು.