ನಿನ್ನ ಬದಲಿಗೆ ಬಂದವಳು

ಗುರುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಮೊಂಡಿಗೆ,

ನನ್ನ ಅಕ್ಷರ ಕಂಡ ಕೂಡಲೇ ಹುಬ್ಬು ಗಂಟಿಕ್ಕುತ್ತೀಯ ಎಂದು ಗೊತ್ತು. ಗಂಟಿಕ್ಕಿಕೊಂಡೇ ಓದು, ಅಡ್ಡಿಯಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜು ಕಳಿಸಿದರೆ ಓದಿ ಸುಮ್ಮನಾಗುತ್ತೀಯ. ಕಾಗದವಾದರೆ ಹರಿಯುವ ಮುಂಚೆ ಒಂದು ಸಲವಾದರೂ ಕಣ್ಣಾಡಿಸುತ್ತೀಯ ಎಂಬ ಲೆಕ್ಕಾಚಾರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಂಪನಿಯ ವಿಳಾಸಕ್ಕೇ ಹಾಕುತ್ತೇನೆ. ಮನೆಯ ವಿಳಾಸ ನೀನು ಕೊಟ್ಟಿಲ್ಲವಲ್ಲ.

ನಿನ್ನೆ ನಿಮ್ಮ ಕೋಟೆ ಗೋಡೆ ನೋಡಲು ಬಂದಿದ್ದೆ. ಇಡೀ ದಿನಕ್ಕೆ ಒಂದು ಕಾರು, ಒಬ್ಬ ಗೈಡು, ಜೊತೆಗೆ ಬೇರೆ ಯಾರೂ ಇಲ್ಲ ಎನ್ನುವ ಪ್ಯಾಕೇಜು. ಬಸ್ಸಿನ ಗುಂಪಿನಲ್ಲಿ ಬಂದಿದ್ದರೆ ತುಂಬಾ ಅಗ್ಗವಾಗುತ್ತಿತ್ತು, ಅದನ್ನೂ ವಿಚಾರಿಸಿದ್ದೆ. ಆದರೆ ಗುಂಪಿನಲ್ಲಿ ನೀನು ಅವರಿವರ ಪ್ರಶ್ನೆಗೆ ಉತ್ತರ ಕೊಡುತ್ತಾ ನನ್ನ ಕಣ್ಣು ತಪ್ಪಿಸಿ ದಿನ ಕಳೆದುಬಿಡುತ್ತೀಯ. ಇರುವವಳು ನಾನೊಬ್ಬಳೇ ಗಿರಾಕಿ ಎಂದಾದರೆ ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತೀಯ? ಬೆಳಗಿನಿಂದ ಸಂಜೆಯವರೆಗೆ ನೀನು ನನ್ನ ಜೊತೆ ಮಾತಾಡಲೇಬೇಕು, ಅದಕ್ಕೆ ರಸೀದಿಯೂ ಸಿಗುತ್ತದೆ. ನಮ್ಮ ಅಂಗಡಿಯ ಇಸ್ತ್ರಿ ಮಾವ ಮಾತ್ರ ಕಾಲರ್ ತೀಡುತ್ತಾ, "ಸ್ವಂತ ಮಗಳನ್ನ ಬಾಡಿಗೆಗೆ ತಗೊಳ್ಳೋರನ್ನ ಇವತ್ತೇ ನೋಡಿದ್ದು ಅಕ್ಕಾ" ಅಂದ. ನಾನು ಕೇಳಿಸದ ಹಾಗೆ ಕರ್ಟನ್ನುಗಳನ್ನು ಮಡಚುತ್ತಾ ಕೂತೆ.

ಬೇರೆ ಹೆಸರಿನಲ್ಲಿ ಬುಕ್ ಮಾಡಿದ್ದರೆ ನೀನು ಸಿಕ್ಕಿಬೀಳುತ್ತಿದ್ದೆ. ಹಾಗೆ ಮಾಡಲಿಲ್ಲ. ಹೆತ್ತ ಮಗಳನ್ನು ಕಳ್ಳಿಯ ಹಾಗೆ ಬಂದು ನೋಡುವ ಗತಿ ನನಗಿನ್ನೂ ಬಂದಿಲ್ಲ. ನನ್ನ ಹೆಸರು, ನನ್ನ ಲಾಂಡ್ರಿಯ ಹೆಸರು, ನಿನ್ನ ಹೆಸರು, ಎಲ್ಲ ಸರಿಯಾಗಿ ಬರೆಸಿದೆ. ನೀನೇ ಬೇಕು ಅಂತಲೂ ಹೇಳಿದೆ.

ಬಸ್ ಸ್ಟ್ಯಾಂಡಿನಿಂದ ನಿಮ್ಮ ಕಂಪನಿಯ ಕಾರಿನಲ್ಲಿ ಬಂದು ಹೆಬ್ಬಾಗಿಲ ಹತ್ತಿರ ಇಳಿದರೆ, ನನ್ನ ಹೆಸರಿನ ಹಲಗೆ ಹಿಡಿದು ನಿಂತವಳು ಬೇರೆ ಯಾರೋ. ತಲೆಗಿಂತ ದೊಡ್ಡ ಟೋಪಿ ಹಾಕಿಕೊಂಡ ಸಣಕಲು ಹುಡುಗಿ. "ಅಕ್ಕನಿಗೆ ಇವತ್ತು ಆಗ್ಲಿಲ್ಲಮ್ಮ, ಅವರ ಬದಲು ನಾನು ಬಂದಿದ್ದೀನಿ" ಅಂದಳು. ನನ್ನ ಎದೆ ಧಸಕ್ಕೆಂದಿತು. ಅಷ್ಟು ದೂರ ಬಂದವಳು, ಅಲ್ಲೇ ನಿಂತು ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ನಿಜ ಹೇಳುತ್ತೇನೆ, ಮೊದಲು ಹೊಳೆದದ್ದು ಇದನ್ನು ತೊಳೆಯುವುದು ಹೇಗಪ್ಪಾ ಎಂದು. ಹುಟ್ಟುಗುಣ.

ಟೋಪಿ ಹುಡುಗಿಯ ಬಗ್ಗೆ ನನಗೆ ಮೊದಲರ್ಧ ದಿನ ಒಳ್ಳೆಯ ಅಭಿಪ್ರಾಯವಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತುವುದು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು. "ಅಮ್ಮ, ನಂಗೆ ಸುಸ್ತಾಯ್ತು, ಸ್ವಲ್ಪ ಕೂತ್ಕೊಳ್ಳೋಣ್ವಾ?" ಕಾವಲುಗಾರರು ನಿಲ್ಲುತ್ತಿದ್ದ ಗೂಡಿನಲ್ಲಿ ಕೂತೆವು. ಕಂದಕದ ಕಡೆಯ ಕಟ್ಟೆಯ ಮೇಲೆ ಕೂತೆವು. ಮೊದಲನೆಯ ಬುರುಜು ತಲುಪುವ ಮುಂಚೆ ಎರಡು ಕಡೆ ಕೂತೆವು. "ಈ ವಯಸ್ಸಿಗೇ ಹಿಂಗಾದ್ರೆ ಮುಂದೆ ಹೆಂಗಮ್ಮ? ಬೆಳಿಗ್ಗೆ ಏನಾದ್ರೂ ತಿಂದು ಬಂದಿದ್ಯಾ ಇಲ್ವಾ?" ಎಂದು ಗದರಿದೆ. "ನನ್ನ ಶರೀರಾನೇ ಅಷ್ಟು ಅಮ್ಮ" ಎಂದು ನಕ್ಕಳು. ಇಂಥವಳನ್ನು ಕೆಲಸಕ್ಕಿಟ್ಟುಕೊಂಡ ನಿಮ್ಮ ಕಂಪನಿ ಇನ್ನೆಷ್ಟು ದಿನ ನಡೆದೀತು ಎಂದು ಮನಸ್ಸಿನಲ್ಲೇ ಗುಣಾಕಾರ ಭಾಗಾಕಾರ ಮಾಡುತ್ತಿದ್ದೆ.

ಅವಳು ಕತೆ ಹೇಳಲು ಬಾಯಿ ತೆರೆದಾಗಲೆಲ್ಲ ನಾನು ನಡುವೆ ಹೊಕ್ಕೆ. ಯಾವ ರಾಜ ಕಟ್ಟಿಸಿದ ಎಂದು ಅವಳು ಶುರು ಮಾಡಿದರೆ, ಕೂಲಿ ಏನು ಕೊಟ್ಟ ಎಂದು ನಾನು. ಶತ್ರುಗಳು ಮುತ್ತಿಗೆ ಹಾಕಿದಾಗ ಎಂದರೆ, ಒಳಗಿದ್ದವರು ಬಟ್ಟೆ ಎಲ್ಲಿ ಒಗೀತಿದ್ರು ಎಂದು ನಾನು. ನಮ್ಮ ಅಂಗಡಿ ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಮೇಜಿನಿಂದ ಶುರುವಾದ ಕತೆಯನ್ನೂ ಅವಳಿಗೆ ಹೇಳಿದೆ. ಅವಳು ಹೇಳಬೇಕಾದದ್ದಕ್ಕಿಂತ ನಾನು ಹೇಳಿದ್ದೇ ಹೆಚ್ಚಾಯಿತು.

ಊಟಕ್ಕೆ ಮುಂಚೆ ಒಂದು ಗಾಳಿ ಬೀಸಿತು ನೋಡು. ಅವಳ ಟೋಪಿ ಹಾರಿ ಮೆಟ್ಟಿಲ ಸಾಲಿನ ಬುಡಕ್ಕೆ ಹೋಗಿ ಬಿತ್ತು. ಹುಡುಗಿ ಒಂದೇ ಉಸಿರಿಗೆ ಕೆಳಗೆ ಓಡಿದಳು, ಟೋಪಿ ಎತ್ತಿಕೊಂಡಳು, ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಬಂದಳು. ಏದುಸಿರಿಲ್ಲ, ಬೆವರಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಅವಳನ್ನೇ ನೋಡುತ್ತಿದ್ದೆ.

"ನಿನ್ನ ಸುಸ್ತು ಎಲ್ಲಿ ಹೋಯ್ತಮ್ಮ?" ಎಂದು ಕೇಳಿದೆ.

ಸುಳ್ಳು ಹೇಳಿ ರೂಢಿಯಿಲ್ಲದ ಮಗು. ಇನ್ನೆರಡು ಪ್ರಶ್ನೆಗೆ ಎಲ್ಲ ಉದುರಿಸಿದಳು. ನಿಮ್ಮಲ್ಲಿ ಒಬ್ಬ ಗೈಡಿನ ಬದಲು ಇನ್ನೊಬ್ಬರು ಹೋಗುವುದಾದರೆ, ಮೊದಲಿನವರು ಗಿರಾಕಿಯನ್ನು ಬಾಯಿಮಾತಿನಲ್ಲಿ ಒಪ್ಪಿಸಬೇಕಂತೆ. ಯಾವ ಭಾಷೆ, ಎತ್ತರ ಕಂಡರೆ ಭಯವೇ, ಬಿಸಿಲು ತಡೆಯುತ್ತಾರೆಯೇ, ಇಷ್ಟು. ಎಲ್ಲರೂ ಟೀ ಕುಡಿಯುವಷ್ಟರಲ್ಲಿ ಮುಗಿಸುವ ಆ ಕೆಲಸಕ್ಕೆ ನೀನು ಒಂದು ಸಂಜೆ ಪೂರ್ತಿ ಕೂತೆಯಂತೆ.

"ಬಲಗಾಲಿನ ಮಂಡಿ ನೋವು. ಕೇಳಿದ್ರೆ ಇಲ್ಲ ಅಂತಾರೆ. ಕೂತ್ಕೊಳ್ಳಿ ಅಂದ್ರೆ ಕೂರಲ್ಲ. ನಂಗೇ ಸುಸ್ತಾಯ್ತು ಅಂತ ಹೇಳು, ಬೈತಾರೆ, ಆದ್ರೆ ಕೂರ್ತಾರೆ." ಹೀಗೆ ಹೇಳಿದ್ದೆಯಂತೆ.

ಮೊಂಡಿ, ಈ ಮಂಡಿ ನೋವು ಶುರುವಾದದ್ದು ನೀನು ಮನೆ ಬಿಟ್ಟ ಮೇಲೆ. ನಾನು ಯಾರಿಗೂ ಹೇಳಿಕೊಂಡವಳಲ್ಲ. ಕುಂಟುವುದನ್ನು ದಿನಾ ಕಂಡವನು ಇಸ್ತ್ರಿ ಮಾವ ಒಬ್ಬನೇ. ನೀನು ಅವನಿಗೆ ಫೋನ್ ಮಾಡುತ್ತೀಯ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಅವನನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಆ ಒಂದು ಬಾಗಿಲಾದರೂ ತೆರೆದಿರಲಿ.

ಮತ್ತೇನು ಹೇಳಿದಳು ಎಂದು ಕೇಳಿದೆ. ಊಟಕ್ಕೆ ಖಾರ ಹಾಕಿಸಬೇಡ ಎಂದಿದ್ದೆಯಂತೆ. ಮತ್ತೆ? ಹುಡುಗಿ ಟೋಪಿಯ ಅಂಚನ್ನು ತಿರುವುತ್ತಾ ನಿಂತಳು. ಬಟ್ಟೆಯ ಕಲೆಯನ್ನು ಒಳಮಡಿಕೆಗೆ ಹಾಕಿ ತಂದುಕೊಡುವ ಗಿರಾಕಿಗಳ ಮುಖ ನನಗೆ ಚೆನ್ನಾಗಿ ಗೊತ್ತು. ಬಿಡಲಿಲ್ಲ. ಕೊನೆಗೆ ಹೇಳಿದಳು. "ಕತೆ ಮಧ್ಯ ಬಾಯಿ ಹಾಕ್ತಾರೆ, ಬೇಜಾರು ಮಾಡ್ಕೋಬೇಡ. ಅಮ್ಮನಿಗೆ ಹೇಳೋಕೆ ಬರುತ್ತೆ, ಕೇಳಿಸ್ಕೊಳ್ಳೋಕೆ ಬರಲ್ಲ."

ಊಟದ ಡಬ್ಬಿ ತೆರೆದೆವು. ಅನ್ನ, ಬೇಯಿಸಿದ ತರಕಾರಿ, ಮೊಸರು. ಖಾರದ ಸುಳಿವಿಲ್ಲ. ಅರ್ಧ ತಿಂದು ಮುಚ್ಚಿಟ್ಟೆ.

ಆ ಬೋರ್ಡಿನ ದಿನ ನೆನಪಾಯಿತು. ಅಂಗಡಿಗೆ 'ಅಮ್ಮ ಮತ್ತು ಮಗಳು' ಎಂದು ಹೊಸ ಬೋರ್ಡು ಬರೆಸಿ, ನೀನು ಬರುವವರೆಗೆ ಅದಕ್ಕೆ ಬಿಳಿ ಬೆಡ್‌ಶೀಟು ಮುಚ್ಚಿ, ಬೀದಿಯವರನ್ನೆಲ್ಲ ನಿಲ್ಲಿಸಿ ನಿನ್ನ ಕೈಯಲ್ಲಿ ಎಳೆಸಿದ್ದೆ. ನಿನ್ನ ಚೀಲದಲ್ಲಿ ಆ ದಿನವೇ ಸಿಕ್ಕ ಗೈಡಿನ ಲೈಸೆನ್ಸು ಇತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ನೀನು, "ಅಮ್ಮಾ, ನನ್ನನ್ನ ಒಂದು ಮಾತು ಕೇಳಿದ್ಯಾ?" ಅಂದೆ. ನಾನು, "ಹಳೇ ಗೋಡೆ ತೋರ್ಸೋದೂ ಒಂದು ಕಸುಬಾ? ಜನಕ್ಕೆ ಕಣ್ಣಿಲ್ವಾ?" ಅಂದೆ. ಕಣ್ಣಿದ್ದರೆ ಸಾಲದು ಎನ್ನುವುದು ನಿನ್ನೆ ಮಧ್ಯಾಹ್ನ ಗೊತ್ತಾಯಿತು.

ಊಟವಾದ ಮೇಲೆ ನಾನು ಬಾಯಿಗೆ ಬೀಗ ಹಾಕಿದೆ. ಏನಾದರಾಗಲಿ, ಸಂಜೆಯವರೆಗೆ ಒಂದು ಮಾತೂ ಆಡುವುದಿಲ್ಲ ಎಂದು. ಹುಡುಗಿ ಹೆದರಿಹೋದಳು. "ಅಮ್ಮ, ಹುಷಾರಿದ್ದೀರಾ? ಕಾರು ಕರೆಸ್ಲಾ?" ಎಂದು ಎರಡು ಸಲ ಕೇಳಿದಳು. ನೀನು ಹೇಳು, ನಾನು ಕೇಳ್ತೀನಿ ಎಂದು ಸನ್ನೆ ಮಾಡಿದೆ.

ಆಗ ಕೇಳಿಸಿತು.

ಗೋಡೆ ಬಿರುಕು ಬಿಟ್ಟ ಜಾಗದಲ್ಲಿ ನಿಲ್ಲಿಸಿ ಅವಳು ಹೇಳಿದಳು, ಈ ಗೋಡೆ ಒಂದಲ್ಲ, ಎರಡು; ಹೊರಮೈ ಒಂದು, ಒಳಮೈ ಒಂದು, ನಡುವೆ ಚೂರು ಕಲ್ಲು, ಮಣ್ಣು. "ಮೇಲ್ಗಡೆ ಖಡಕ್ ಇಸ್ತ್ರಿ, ಒಳಗೆಲ್ಲ ಮುದ್ದೆ ಮಾಡಿ ತುರುಕಿದ ಬಟ್ಟೆ" ಅಂದಳು. ನನ್ನ ಕಾಲು ನಿಂತಲ್ಲೇ ನಿಂತಿತು. ಮುಂದೆ ಹೋದರೆ ಗೋಡೆಯುದ್ದಕ್ಕೂ ಸಣ್ಣ ಸಣ್ಣ ತೂತುಗಳು. ಒಳಗೆ ಇಳಿದ ಮಳೆನೀರು ಹೊರಗೆ ಬರಲು ಬಿಟ್ಟದ್ದಂತೆ. ಅವು ಮುಚ್ಚಿಹೋದ ಕಡೆ ಗೋಡೆ ಬಿದ್ದಿದೆ, ಶತ್ರು ಬಂದೇ ಬೀಳಿಸಬೇಕೆಂದಿಲ್ಲ ಅಂದಳು. ಮತ್ತೊಂದು ಕಡೆ ಕಪ್ಪುಗಟ್ಟಿದ ಕಲ್ಲುಗಳು. ಅದನ್ನು ಬಿಳಿ ಮಾಡುತ್ತೇವೆಂದು ಯಾರೋ ಔಷಧಿ ಬಳಿದು ಕಲ್ಲೇ ಪುಡಿಯಾಯಿತಂತೆ. "ಕಲೆ ಯಾವುದ್ರದ್ದು ಅಂತ ಗೊತ್ತಾಗೋವರೆಗೂ ನೀರು ಕೂಡ ಮುಟ್ಟಿಸ್ಬಾರ್ದು" ಎಂದು ಬೆರಳೆತ್ತಿ ಹೇಳಿದಳು.

ಹೊಸಬರು ಕೆಲಸಕ್ಕೆ ಸೇರಿದ ದಿನ ನಾನು ಹೇಳುವ ಮೊದಲ ಮಾತು ಅದು. ಬೆರಳು ಎತ್ತುವುದೂ ಹಾಗೆಯೇ.

"ಇದನ್ನ ಯಾರು ಹೇಳ್ಕೊಟ್ರು?" ಎಂದು ಕೇಳಿಯೇಬಿಟ್ಟೆ. ಬೀಗ ಅಷ್ಟಕ್ಕೆ ಕಳಚಿತು, ಕ್ಷಮಿಸು. "ಅಕ್ಕ. ಹೊಸಬರಿಗೆಲ್ಲ ಅವರದ್ದೇ ಪಾಠ. ಈ ಮಾತು ಬಂದಾಗ ಜನ ನಗ್ತಾರೆ, ಆಮೇಲೆ ಸುಮ್ನಾಗಿ ಕಲ್ಲು ನೋಡ್ತಾರೆ" ಅಂದಳು. ನನ್ನ ಮಾತು, ನಿನ್ನ ಬಾಯಿಗೆ ಹೋಗಿ, ಅಲ್ಲಿಂದ ಈ ಗುರುತಿಲ್ಲದ ಹುಡುಗಿಯ ಬಾಯಿಗೆ ಬಂದು, ತಿರುಗಿ ನನ್ನ ಕಿವಿಗೆ. ನಿನ್ನ ದನಿ ಕೇಳಿ ಎಷ್ಟು ಕಾಲವಾಗಿತ್ತು. ಅವಳು ವಾಕ್ಯದ ಕೊನೆಗೆ ದನಿ ಎಳೆಯುವುದು ಕೂಡ ನಿನ್ನ ಹಾಗೆಯೇ. ಕಣ್ಣು ಮುಚ್ಚಿಕೊಂಡರೆ ನೀನೇ. ಹಾಗಾಗಿ ಮುಂದಿನ ಬುರುಜಿನವರೆಗೆ ಆದಷ್ಟು ನೆಲ ನೋಡಿಕೊಂಡೇ ನಡೆದೆ.

ಕೊನೆಯ ಬುರುಜಿನ ಮೇಲೆ ಅವಳು ಕತೆ ತೆಗೆಯಲಿಲ್ಲ. ಯಾಕೆಂದು ನೋಡಿದರೆ, "ಅಕ್ಕ ಇಲ್ಲಿ ಕತೆ ಹೇಳಲ್ಲ ಅಮ್ಮ. ಐದು ನಿಮಿಷ ಸುಮ್ನೆ ನಿಂತ್ಕೊಳ್ಳಿ ಅಂತಾರೆ, ಅವರೂ ನಿಂತ್ಕೋತಾರೆ" ಅಂದಳು. ನಿಂತೆ. ಕೆಳಗೆ ಹೆಂಚಿನ ಮನೆಗಳು, ಒಂದು ಶಾಲೆಯ ಅಂಗಳ, ಬಸ್ ಸ್ಟ್ಯಾಂಡು. ನಮ್ಮೂರಿನ ಕಡೆಯಿಂದ ಬರುವ ಬಸ್ಸುಗಳು ತಿರುಗಿ ಒಳಗೆ ಬರುವ ತಿರುವು ಚೆನ್ನಾಗಿ ಕಾಣುತ್ತದೆ. ನಾನು ಏನೂ ಊಹಿಸಲು ಹೋಗಲಿಲ್ಲ. ಎತ್ತರದಿಂದ ನೋಡಿದರೆ ಯಾವ ಊರಿನಲ್ಲೂ ಬಸ್ ಸ್ಟ್ಯಾಂಡು ಕಂಡೇ ಕಾಣುತ್ತದೆ. ಆದರೆ ಅಲ್ಲಿಂದ ಇಳಿಯಲು ಮನಸ್ಸು ಬರಲಿಲ್ಲ. ಟೋಪಿ ಹುಡುಗಿ ಈ ಸಲ ಸುಸ್ತಿನ ನೆಪ ಹೇಳಲಿಲ್ಲ. ಸುಮ್ಮನೆ ಪಕ್ಕಕ್ಕೆ ಬಂದು ನಿಂತಳು.

ಈಗ ಕೇಳಬೇಕಾದದ್ದು ಕೇಳುತ್ತೇನೆ. ಅಂಗಡಿಗೆ ಬಾ ಎಂದು ಕರೆಯುತ್ತಿಲ್ಲ. ಆ ಆಸೆ ಬಿಟ್ಟೆ ಎಂದರೆ ನೀನು ನಂಬುವುದಿಲ್ಲ, ಆದರೂ ನಿನ್ನೆ ಇಳಿಯುವಾಗ ಅದನ್ನು ಅಲ್ಲೇ ಎಲ್ಲೋ ಬಿಟ್ಟು ಬಂದೆ. ನಿನ್ನ ಕಸುಬು ನಿನ್ನದು, ಅದನ್ನು ನೀನು ನನಗಿಂತ ಚೆನ್ನಾಗಿ ನಡೆಸುತ್ತಿದ್ದೀಯ. ನನಗೆ ಬೇಕಾದದ್ದು ಒಂದು ದಿನ. ನೀನು ಹೇಳಬೇಕು, ನಾನು ಕೇಳಬೇಕು. ಅರ್ಧ ದಿನ ಅಭ್ಯಾಸ ಮಾಡಿದ್ದೇನೆ, ಪ್ರಾಣವೇನೂ ಹೋಗಲಿಲ್ಲ.

ಮುಂದಿನ ತಿಂಗಳ ಮೊದಲ ಬುಧವಾರಕ್ಕೆ ಮತ್ತೆ ಬುಕ್ ಮಾಡಿದ್ದೇನೆ. ಅದೇ ಹೆಸರು, ಅದೇ ಪ್ಯಾಕೇಜು. ನೀನು ಬಂದರೆ ಸಂತೋಷ. ಬರಲು ಮನಸ್ಸಾಗದಿದ್ದರೆ ಆ ಹುಡುಗಿಯನ್ನೇ ಕಳಿಸು, ನಾನು ಮುಖ ಸಿಂಡರಿಸುವುದಿಲ್ಲ. ಅವಳಿಗೆ ಒಪ್ಪಿಸುವಾಗ ಒಂದು ತಿದ್ದುಪಡಿ ಮಾಡಿಬಿಡು, ಅವಳು ಸುಸ್ತಿನ ನಾಟಕ ಆಡುವುದು ಬೇಡ. ಕೂರಬೇಕೆನಿಸಿದಾಗ ನಾನೇ ಬಾಯಿ ಬಿಟ್ಟು ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಲ್ಲಿ ತಿರುಗುವವಳು, ನೀನೂ ಒಂದು ಟೋಪಿ ತೆಗೆದುಕೋ.

ಬುಧವಾರಕ್ಕೆ ಕಾಯುತ್ತಿರುವ,
ನಿನ್ನ ಅಮ್ಮ

ತಾ.ಕ.: ಬೇರೆಯವಳನ್ನು ಕಂಡು ಎದೆ ಧಸಕ್ಕೆಂದಿತು ಎಂದು ಮೇಲೆ ಬರೆದದ್ದು ಸುಳ್ಳು. ಹಿಂದಿನ ಸಂಜೆಯೇ ನಿಮ್ಮ ಕಂಪನಿಯವರು ಫೋನ್ ಮಾಡಿ, ನೀವು ಕೇಳಿದ ಗೈಡು ಬರುವುದಿಲ್ಲ, ಬೇಡವಾದರೆ ಹಣ ವಾಪಸು ಕೊಡುತ್ತೇವೆ ಎಂದಿದ್ದರು. ಹಣ ವಾಪಸು ಬೇಡ ಅಂದೆ. ನೀನು ಇರುವುದಿಲ್ಲ ಎಂದು ತಿಳಿದೇ ಬೆಳಗಿನ ಬಸ್ಸು ಹತ್ತಿದೆ. ನೀನು ದಿನಾ ಓಡಾಡುವ ಜಾಗವನ್ನು ಒಂದು ಸಲ ಕಾಲಿನಿಂದ ಮುಟ್ಟಿ ಬರೋಣ ಅನ್ನಿಸಿತ್ತು, ಅಷ್ಟೇ. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಎಲ್ಲರೂ ಸುತ್ತುವರಿದು ಕೇಳಿದಾಗ, ಮಗಳೇ ಇಡೀ ದಿನ ಜೊತೆಗಿದ್ದು ತೋರಿಸಿದಳು ಎಂದು ಹೇಳಿಬಿಟ್ಟೆ. ಇಸ್ತ್ರಿ ಮಾವ ತಲೆಯೆತ್ತಿ ನನ್ನ ಮುಖ ನೋಡಿದ. "ಹೌದಾ ಅಕ್ಕಾ, ಒಳ್ಳೇದಾಯ್ತು" ಎಂದು ಮತ್ತೆ ತಲೆ ತಗ್ಗಿಸಿದ. ಅವನು ಫೋನಿನಲ್ಲಿ ನಿನ್ನನ್ನು ಕೇಳಿದರೆ, ಹೌದು ಅನ್ನು.