ಹಂಡೆಯ ಹೊದಿಕೆ

ಕಾಗದನಗರದ ಹತ್ತಿರ, ಭದ್ರಾವತಿ
೧೦-೧೦-೨೦೨೫

ನನ್ನ ಯಶೂಗೆ,

ಹೇಗಿದ್ದೀಯ ತಾಯಿ? ಮೊಣಕಾಲು ನೋವು ಕಡಿಮೆಯಾಯಿತೇ? ಕಲಬುರಗಿಯ ಬಿಸಿಲಿನಲ್ಲಿ, ಶಾಖ ಎಲ್ಲಿ ಸೋರುತ್ತದೆ ಎಂದು ಹುಡುಕುತ್ತಾ ಕಾರ್ಖಾನೆಗಳ ಏಣಿ ಹತ್ತಿ ಇಳಿಯುವವಳಿಗೆ ಮಜ್ಜಿಗೆ ಕುಡಿ ಎಂದು ಹೇಳಲು ಈಗ ನಿಮ್ಮಮ್ಮ ಇಲ್ಲ, ಹಾಗಾಗಿ ನಾನೇ ಹೇಳುತ್ತಿದ್ದೇನೆ. ಅಳಿಯಂದಿರು ಆನಂದ್ ಹೇಗಿದ್ದಾರೆ? ಮೊಮ್ಮಗಳು ಪ್ರಿಯದರ್ಶಿನಿಯ ಜ್ವರ ಬಿಟ್ಟಿತೇ? ನಾನು ಚೆನ್ನಾಗಿದ್ದೇನೆ. ಅನ್ನ ಮುದ್ದೆಯಾಗುತ್ತದೆ, ಸಾರು ನೀರಾಗುತ್ತದೆ, ಆದರೂ ಹೊಟ್ಟೆ ತುಂಬುತ್ತದೆ. ಫೋನು ಇಟ್ಟುಕೊಂಡು ಕಾಗದ ಬರೆಯುತ್ತಾನಲ್ಲ ಮುದುಕ ಎಂದು ನಗಬೇಡ. ಫೋನಿನಲ್ಲಿ ನೀನು ‘ಅಪ್ಪಾ’ ಎಂದ ಕೂಡಲೇ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅಮ್ಮ ಹೋಗಿ ಮೂರು ತಿಂಗಳಾಯಿತು, ಆಗಿನಿಂದಲೂ ಹಾಗೇ ಉಳಿದಿದೆ.

ಹೋದ ಭಾನುವಾರ ನೀನು ಎಷ್ಟು ಸಂಭ್ರಮದಿಂದ ಮಾತಾಡಿದೆ! ಮುಂದಿನ ತಿಂಗಳು ಶಿವಮೊಗ್ಗದ ಕಾಲೇಜೊಂದರಲ್ಲಿ ಇಂಧನ ಉಳಿತಾಯದ ಬಗ್ಗೆ ನಿನ್ನ ಭಾಷಣ, ಕೇಳಲು ಇನ್ನೂರು ಮಕ್ಕಳು. ‘ಕಲ್ಲಿದ್ದಲು ಮುಗೀತಾ ಬಂತು, ಬಿಸಿಲು ವರ್ಷವರ್ಷ ಏರ್ತಾ ಇದೆ. ಇನ್ನಷ್ಟು ಉರಿಸೋ ಬದ್ಲು ಸೋರೋದನ್ನ ಮೊದ್ಲು ನಿಲ್ಲಿಸ್ರೋ ಅಂತ ಹೇಳ್ತೀನಪ್ಪಾ. ನಮ್ಮನೆ ಬಚ್ಚಲ ಹಂಡೆಯಿಂದ್ಲೇ ಶುರು ಮಾಡ್ತೀನಿ, ಅದ್ರ ಫೋಟೋ ಕಳ್ಸು’ ಎಂದೆ. ಆಮೇಲೆ ದನಿ ಇಳಿಸಿ, ‘ಅಮ್ಮನ್ನ ತಿಂದಿದ್ದು ಸೌದೆ ಹೊಗೆ ಅಂತಾನೂ ಹೇಳ್ತೀನಿ’ ಎಂದೆ. ನಾನು ಹೂಂ ಎಂದೆ. ಅವತ್ತಿನಿಂದ ತಟ್ಟೆಯ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದೇನೆ. ಹೊಟ್ಟೆ ತುಂಬುತ್ತದೆ ಎಂದು ಮೇಲೆ ಬರೆದದ್ದು ಸುಳ್ಳು. ಅಮ್ಮ ಹೊಗೆಯಿಂದ ಸಾಯಲಿಲ್ಲ ಯಶೂ. ಆ ಹಂಡೆಯ ಹೊದಿಕೆಯಿಂದ ಸತ್ತಳು. ಅದನ್ನು ಮನೆಗೆ ತಂದವನು ನಾನು.

ನೀನು ಹೊಟ್ಟೆಯಲ್ಲಿದ್ದ ವರ್ಷದ ಮಾತು. ಆಗ ನಾನು ಮೇಸ್ತ್ರಿ ಮಾರಪ್ಪನ ಜೊತೆ ಊರೂರು ಸುತ್ತಿ ಬಾಯ್ಲರುಗಳಿಗೆ, ಉಗಿ ಪೈಪುಗಳಿಗೆ ಹೊದಿಕೆ ಹಾಕುತ್ತಿದ್ದೆ. ಬಿಳಿ ಪುಡಿಗೆ ನೀರು ಹಾಕಿ ನಾದಿ ಪೈಪಿಗೆ ಬಳಿಯುವುದು. ಒಣಗಿದ ಮೇಲೆ ಅದರ ಮೇಲೆ ಅಂಗೈ ಇಟ್ಟರೆ ಸುಡಬಾರದು, ಸುಟ್ಟರೆ ಶಾಖ ಸೋರುತ್ತಿದೆ ಎಂದು ಅರ್ಥ. ಈ ನಿಮ್ಮಪ್ಪ ಪುಟ್ಟಪ್ಪ ಬಳಿದ ಪೈಪು ಕೈ ಸುಟ್ಟಿತು ಎಂದು ಒಬ್ಬನೂ ಹೇಳಿಲ್ಲ. ಆ ಹೆಮ್ಮೆ ನನಗಿತ್ತು, ಸುಳ್ಳೇಕೆ. ನಿಮ್ಮಮ್ಮ ಏಳು ತಿಂಗಳ ಬಸುರಿಯಾಗಿ ಕಾಡಂಚಿನಿಂದ ಸೌದೆ ಹೊರೆ ಹೊತ್ತು ಬರುತ್ತಿದ್ದಳು. ಬೇಡ ಕಣೇ ಎಂದರೆ, ‘ಮತ್ತೆ ಬಿಸಿನೀರು ನಿಮ್ಮ ಮೇಸ್ತ್ರಿ ಕಾಸಿ ಕೊಡ್ತಾನಾ?’ ಎಂದು ನನ್ನನ್ನೇ ಗದರುತ್ತಿದ್ದಳು. ಒಂದು ದಿನ ಹೊಳಲೂರಿನ ಕಡೆ ಕೆಲಸ ಮುಗಿದಾಗ ಮಿಕ್ಕ ಪುಡಿಯನ್ನೇ ನೋಡುತ್ತಾ ನಿಂತೆ. ‘ತಗೊಂಡ್ಹೋಗೋ ಮಾರಾಯ, ಎಸೆಯೋದೇ ಅದು’ ಎಂದ ಮಾರಪ್ಪ. ಅರ್ಧ ಮೂಟೆ ಸೈಕಲ್ಲಿಗೆ ಕಟ್ಟಿಕೊಂಡು ಬಂದು, ಒಲೆಯಿಂದ ಮೇಲಿರುವ ಹಂಡೆಯ ಮೈಗೆಲ್ಲ ಎರಡು ಬೆರಳು ದಪ್ಪ ಬಳಿದೆ. ಸಂಜೆ ಕಾಸಿದ ನೀರು ಬೆಳಿಗ್ಗೆಯೂ ಬಿಸಿ! ಒಂದು ವಾರದ ಸೌದೆ ಎರಡು ವಾರ ಬಂತು. ನಿಮ್ಮಮ್ಮ ಬೀದಿಯವರನ್ನೆಲ್ಲ ಕರೆದು ಹಂಡೆ ಮುಟ್ಟಿಸಿ, ‘ನಮ್ಮ ಯಜಮಾನ್ರ ಕೈಗುಣ’ ಎಂದಳು. ಅವಳ ಬಾಯಲ್ಲಿ ಅಷ್ಟು ದೊಡ್ಡ ಹೊಗಳಿಕೆ ನನಗೆ ಆಮೇಲೆಂದೂ ಸಿಗಲಿಲ್ಲ, ಬಿಡು.

ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತೋ. ಆದರೆ ನೀರು ತುಂಬುವ ಹಬ್ಬ ಬಂತಲ್ಲ. ದೀಪಾವಳಿಗೆ ಮೊದಲು ಬಚ್ಚಲು ತೊಳೆದು, ಹಂಡೆ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು ಹೊಸ ನೀರು ತುಂಬಬೇಕು. ಹೊದಿಕೆ ಹೊದ್ದ ಹಂಡೆಯನ್ನು ಉಜ್ಜುವುದು ಹೇಗೆ? ಉಪಾಯ ಅವಳೇ ಕಂಡುಕೊಂಡಳು. ಪ್ರತಿ ವರ್ಷ ಹಳೆಯ ಹೊದಿಕೆಯನ್ನು ಸುತ್ತಿಗೆಯಲ್ಲಿ ತಟ್ಟಿ ಉದುರಿಸುವುದು, ತಾಮ್ರ ಫಳಫಳ ಹೊಳೆಯುವಂತೆ ಹುಣಸೆಹಣ್ಣಿನಲ್ಲಿ ತಿಕ್ಕುವುದು, ಉದುರಿದ ಹೆಂಟೆಗಳನ್ನು ಒರಳಲ್ಲಿ ಕುಟ್ಟಿ ಪುಡಿ ಮಾಡಿ ಮತ್ತೆ ನಾದಿ ಬಳಿಯುವುದು. ಕಸುಬಿನವನಾದ ನಾನು ಹೊಸದು ತರುತ್ತೇನೆ ಅನ್ನಬಹುದಿತ್ತು. ‘ಒಂದು ಹಿಡಿನೂ ಹಾಳಾಗ್ಬಾರ್ದು’ ಎಂದಳು ಅವಳು, ಭಲೇ ಎಂದೆ ನಾನು. ಗಾಳಿಗೆ ಹಾರಿಹೋಗದಿರಲಿ ಎಂದು ಬಚ್ಚಲ ಕಿಟಕಿ ಮುಚ್ಚಿಕೊಂಡು ಕುಟ್ಟುತ್ತಿದ್ದಳು. ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ಹೊರಗೆ ಬಂದಾಗ ‘ಅಜ್ಜಿ ಬಂತು’ ಎಂದು ನಾನು ರೇಗಿಸುತ್ತಿದ್ದೆ. ಮನೆಯ ಮೇಲೆ ನೀನು ಸೋಲಾರ್ ಹಾಕಿಸುವವರೆಗೆ ಇಪ್ಪತ್ತೆರಡು ದೀಪಾವಳಿ ಹೀಗೇ ನಡೆಯಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳ ಎದೆಯ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲ, ಅದರ ಫಲಿತಾಂಶ ಬಂದ ದಿನ ನೀನು ಎಳನೀರು ತರಲು ಹೋಗಿದ್ದೆ. ‘ಇವ್ರು ಯಾವುದಾದ್ರೂ ಫ್ಯಾಕ್ಟ್ರೀಲಿ ಕೆಲ್ಸ ಮಾಡಿದಾರಾ?’ ಎಂದು ಡಾಕ್ಟರು ಕೇಳಿದರು. ‘ಇಲ್ಲ ಸಾರ್, ಹೊರಗೆ ದುಡಿಯೋಕೆ ನಾನು ಯಾವತ್ತೂ ಕಳ್ಸಿಲ್ಲ’ ಎಂದೆ, ಜಂಬದಿಂದ. ಅವರು ಆಸ್ಬೆಸ್ಟಾಸ್ ಎಂಬ ಹೆಸರು ಹೇಳಿದರು. ಅದರ ಎಳೆ ಎದೆಗೆ ಹೋದರೆ ಮೂವತ್ತು ನಲವತ್ತು ವರ್ಷ ಸುಮ್ಮನಿದ್ದು ಆಮೇಲೆ ಕ್ಯಾನ್ಸರ್ ಆಗಬಹುದಂತೆ. ಹಿಂದೆ ಬಾಯ್ಲರಿಗೆ ಬಳಿಯುತ್ತಿದ್ದ ಬಿಳಿ ಪುಡಿಯಲ್ಲಿ ಇರುತ್ತಿದ್ದದ್ದು ಅದೇ ಎಂದರು. ನಿಮ್ಮಮ್ಮ ನನ್ನ ಮುಖ ನೋಡಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಉಸಿರು ಎಳೆದೆಳೆದು ಹೇಳಿದ್ದು ಇಷ್ಟೇ: ‘ಯಶೂಗೆ ಹೇಳ್ಬೇಡ್ರಿ. ಆ ಹಂಡೆ ಅಂದ್ರೆ ಅವಳಿಗೆ ಪ್ರಾಣ. ಹೊಗೆ ಅಂತಾನೇ ಅಂದ್ಕೊಳ್ಲಿ.’ ಆ ರಿಪೋರ್ಟನ್ನು ನಿನ್ನ ಕೈಗೆ ಸಿಗದಂತೆ ಬಚ್ಚಿಟ್ಟೆ. ನನ್ನನ್ನು ಬಯ್ಯಲಿಲ್ಲ. ಒಂದು ಸಲ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನನ್ನ ಎದೆಯ ಫೋಟೋವನ್ನೂ ತೆಗೆದರು. ಅವಳಿಗಿಂತ ಹತ್ತು ಪಟ್ಟು ಪುಡಿಯನ್ನು ಉಸಿರಲ್ಲಿ ಎಳೆದವನು ನಾನು, ನನಗೆ ಏನೂ ಇಲ್ಲವಂತೆ. ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಹೇಳಲಾಗದು ಎಂದರು. ಅವತ್ತು ಊರಿಗೆ ಬರುವಾಗ ಬಸ್ಸಿನಲ್ಲಿ ನಿನ್ನ ಮುಂದೆ ನಾನು ಅತ್ತದ್ದು ಅದಕ್ಕೆ.

ನಿನ್ನೆ ಪಕ್ಕದ ಮನೆಯ ಶಾಂತಮ್ಮ ಬಂದಿದ್ದಳು. ಸಾವಾದ ಮನೆ, ಈ ವರ್ಷ ಹಬ್ಬವಿಲ್ಲ ಎಂದರೂ ಕೇಳದೆ, ‘ಸೋಲಾರ್ ಬಂದ್ಮೇಲೆ ಯಾರೂ ಮುಟ್ಟಿಲ್ಲ, ಅಕ್ಕನ ಹಂಡೇನ ಹಂಗೇ ಬಿಡಬಾರ್ದಣ್ಣಾ, ನಾನೇ ಕುಟ್ಟಿ ಬಳಿದು ಕೊಡ್ತೀನಿ’ ಎಂದು ಸುತ್ತಿಗೆ ಎತ್ತಿಕೊಂಡಳು. ‘ಮುಟ್ಟಬೇಡ ಅದನ್ನ!’ ಎಂದು ಕಿರುಚಿಬಿಟ್ಟೆ. ಪಾಪ, ಕಣ್ಣೀರು ಹಾಕಿಕೊಂಡು ಹೋದಳು. ಆಮೇಲೆ ಅವಳ ಮನೆಗೇ ಹೋಗಿ ಎಲ್ಲ ಹೇಳಿ ಕ್ಷಮೆ ಕೇಳಿದೆ. ನೆರೆಯವಳಿಗೆ ಹೇಳಿದ್ದನ್ನು ಹೆತ್ತ ಮಗಳಿಗೆ ಹೇಳದೆ ಹೇಗಿರಲಿ? ನಿಮ್ಮಮ್ಮನಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಹಂಡೆಗೆ ಒದ್ದೆ ಗೋಣಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ಬಚ್ಚಲಿಗೆ ಬೀಗ ಹಾಕಿದ್ದೇನೆ. ಫೋಟೋ ತೆಗೆಯಲು ನನ್ನಿಂದ ಆಗಲಿಲ್ಲ.

ಹಾಗೆಂದು ನಿನ್ನ ಕೆಲಸ ಬಿಡಬೇಡ. ಶಾಖ ಉಳಿಸಬೇಕು ಎಂದುಕೊಂಡದ್ದು ತಪ್ಪಲ್ಲ, ಈ ಸಲದ ಬೇಸಿಗೆ ನೋಡಿದವರು ಯಾರೂ ತಪ್ಪೆನ್ನಲಾರರು. ಯಾವುದರಿಂದ ಉಳಿಸುತ್ತಿದ್ದೇವೆ, ಅದನ್ನು ಕೈಯಲ್ಲಿ ನಾದುವವರು ಯಾರು ಎಂದು ನಾನು ಕೇಳಲಿಲ್ಲ. ನೀನು ಕ್ಯಾಮೆರಾ ಹಿಡಿದು ಸೋರುವ ಶಾಖ ಹುಡುಕುವಾಗ, ಹೊದಿಕೆ ಬಳಿಯುವವನ ಕಡೆಗೂ ಒಮ್ಮೆ ನೋಡು. ಪುಡಿ ಮೆತ್ತಿದ ಅವನ ಬಟ್ಟೆ ಒಗೆಯುವವಳು ಮನೆಯಲ್ಲಿ ಇರುತ್ತಾಳೆ. ಆ ಮಕ್ಕಳಿಗೆ ನಮ್ಮ ಹಂಡೆಯ ಕಥೆ ಹೇಳುವುದಾದರೆ ಪೂರ್ತಿ ಹೇಳು, ನನ್ನ ಹೆಸರು ಹಿಡಿದೇ ಹೇಳು.

ಆನಂದ್ ಅವರಿಗೆ ನನ್ನ ನೆನಪು ತಿಳಿಸು. ಪ್ರಿಯದರ್ಶಿನಿಯ ಎರಡು ಕೆನ್ನೆಗೂ ಅಜ್ಜನ ಮುತ್ತು. ನಿಮ್ಮಮ್ಮ ಎಲ್ಲಿದ್ದರೂ ನಿಮ್ಮನ್ನು ಕಾಯಲಿ. ಹರಸುವ ಮುಖ ನನಗಿಲ್ಲ, ಆದರೂ ಹರಸುತ್ತೇನೆ.

ನಿನ್ನ ಅಪ್ಪ,
ಪುಟ್ಟಪ್ಪ

ಇನ್ನೊಂದು ಮಾತು: ಅಂಚೆ ಡಬ್ಬಿಯವರೆಗೆ ಹೋಗಿ, ವಾಪಸು ಬಂದು, ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಕುಟ್ಟಿದ್ದನ್ನು ಜರಡಿ ಹಿಡಿಯುತ್ತಿದ್ದವಳು ನೀನು. ನಿನಗೆ ಐದು ವರ್ಷವಾದಾಗಿನಿಂದ ಹೈಸ್ಕೂಲು ಸೇರುವ ತನಕ. ನುಣ್ಣಗಿದ್ದರೆ ಚೆನ್ನಾಗಿ ಅಂಟುತ್ತದೆ ಎಂದು ಜರಡಿಯನ್ನು ನಿನ್ನ ಕೈಗೆ ಕೊಟ್ಟವನು ನಾನೇ. ನೀನು ಪುಡಿ ಊದಿ ಊದಿ ನಗುತ್ತಿದ್ದೆ. ಈ ಕಾಗದ ಬರೆಯಲು ಕೂತದ್ದೇ ಇದಕ್ಕೆ, ಇಷ್ಟು ಹಾಳೆ ಬರೆದರೂ ಕೈ ಏಳಲಿಲ್ಲ. ಇದು ಸೇರಿದ ಮಾರನೆಯ ದಿನವೇ ಎದೆಯ ಡಾಕ್ಟರ ಹತ್ತಿರ ಹೋಗು ತಾಯಿ. ಭಾಷಣ ಮುಗಿಯಲಿ, ರಜೆ ಸಿಗಲಿ ಅನ್ನಬೇಡ. ಏನು ಬಂದರೂ ನನಗೆ ಹೇಳು. ನಿಮ್ಮಮ್ಮನ ಹಾಗೆ ನನ್ನ ಮುಖ ನೋಡಿ ಸುಮ್ಮನಾಗಬೇಡ.