ಕಬ್ಬಿಣವೆಂದು ಗಣಿ ಕಚೇರಿಗೆ ಹೋದ ಔಷಧ

ಔಷಧ ಆಮದಿನ ಅರ್ಜಿಗಳನ್ನು ಪರಿಶೀಲಿಸುವ ಮಾನ್ಯರೇ,

ನನ್ನ ಗಂಡನ ಮೆದುಳಿನ ಕ್ಯಾನ್ಸರ್ ಗೆಡ್ಡೆಗೆಂದು ಕೇಳಿದ ಔಷಧದ ಅರ್ಜಿಯನ್ನು ನಿಮ್ಮ ಜಿಲ್ಲಾ ಕಚೇರಿ ಗಣಿ ಕಚೇರಿಗೆ ಕಳಿಸಿತು. ಹನ್ನೊಂದು ವಾರಗಳ ನಂತರ ಅಲ್ಲಿಂದ ನನಗೊಂದು ಪತ್ರ ಬಂತು: ಗಣಿ ಗುತ್ತಿಗೆ ಸಂಖ್ಯೆ ಏನು, ಅದಿರು ಎಷ್ಟು ಟನ್, ಯಾವ ಬಂದರು? ಮಾನ್ಯರೇ, ಅದು ಎರಡು ಸಣ್ಣ ಸೀಸೆ. ಬಂದರು ನನ್ನ ಗಂಡನ ತಲೆ.

ನನ್ನ ಗಂಡ ಮನೋಹರ್ ಸಂಡೂರಿನ ಪ್ರಯೋಗಾಲಯವೊಂದರಲ್ಲಿ ಹದಿನೆಂಟು ವರ್ಷ ಅದಿರಿನ ಪುಡಿಯಲ್ಲಿ ಕಬ್ಬಿಣದ ಅಂಶ ಅಳೆದವರು. ಮಾಮೂಲಿ ಔಷಧ ಮೆದುಳಿನ ಬಾಗಿಲಲ್ಲೇ ನಿಂತುಬಿಡುತ್ತದೆ. ಕಣ್ಣಿಗೆ ಕಾಣದ ಕಬ್ಬಿಣದ ಕಣಗಳ ಮೇಲೆ ಅದನ್ನು ಹೊರಿಸಿ, ಅಯಸ್ಕಾಂತದಿಂದ ಗೆಡ್ಡೆಯತ್ತ ಸೆಳೆಯುವ ಪ್ರಯೋಗ ಹೊರದೇಶದಲ್ಲಿ ನಡೆಯುತ್ತಿದೆ ಎಂದು ಬೆಂಗಳೂರಿನ ವೈದ್ಯರು ಹೇಳಿದಾಗ ಮನೋಹರ್ ನಕ್ಕಿದ್ದರು. "ದಿನಾ ಸಾವಿರ ಲಾರಿ ಕಬ್ಬಿಣ ಹೊರಗ ಹೋಗ್ತೈತ್ರಿ ಡಾಕ್ಟ್ರ. ಒಂದು ಚಿಟಿಕಿ ವಾಪಸ್ ಬಂದ್ರ ಏನಾತು?"

ಬದುಕಿಸುತ್ತೇವೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಪ್ರಯೋಗದವರು ಅವರ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡು, ಗೆಡ್ಡೆ ಒಂದು ಮಿತಿ ದಾಟುವ ಮೊದಲು ಔಷಧ ತಲುಪಬೇಕು ಎಂದಷ್ಟೇ ಹೇಳಿದ್ದರು.

ವಿಚಾರಿಸಲು ನಿಮ್ಮ ಜಿಲ್ಲಾ ಕಚೇರಿಗೆ ಹೋದೆ. ಗುಮಾಸ್ತ ಮೂಕಣ್ಣನವರು ಕುರ್ಚಿ ತೋರಿಸಿದರು. "ಕುಂದ್ರಿ ಅಕ್ಕಾರ. ವಿಷಯದಾಗ ಕಬ್ಬಿಣ ಅಂತ ನೀವ ಬರದೀರಿ. ಈ ಜಿಲ್ಲಾದಾಗ ಕಬ್ಬಿಣದ ಕಾಗದ ಎಲ್ಲಾ ಅಲ್ಲಿಗೇ ಹೋಗೋದ್ರಿ."

"ಕೆಳಗ ಡಾಕ್ಟರ ಚೀಟಿ ಇತ್ತಲ್ರಿ?"

"ಅಷ್ಟು ಕೆಳಗ ಯಾರ್ ಓದ್ತಾರ್ರಿ? ಭಾಳ ಬರದೀರಿ ನೀವು."

ಅವರ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ನನ್ನದೂ ಇರಬಹುದು. ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನು, ಕನ್ನಡದಲ್ಲಿ ಬರೆದರೆ ಬೇಗ ಓದುತ್ತಾರೆಂದು ನಂಬಿ, ವೈದ್ಯರು ಕೊಟ್ಟ ಔಷಧದ ಇಂಗ್ಲಿಷ್ ಹೆಸರನ್ನು ಬಿಟ್ಟು 'ಅತಿಸೂಕ್ಷ್ಮ ಕಬ್ಬಿಣದ ಕಣಗಳ ಆಮದು' ಎಂದು ಬರೆದೆ. ಔಷಧ ಎಂಬ ಪದ ಮೂರನೆಯ ಸಾಲಿನಲ್ಲಿತ್ತು. ಅದನ್ನು ಮೊದಲ ಸಾಲಿಗೆ ತಂದಿದ್ದರೆ? ಈ ಪ್ರಶ್ನೆಯನ್ನು ನಾನು ಬಿಟ್ಟರೂ ಅದು ನನ್ನನ್ನು ಬಿಡುವುದಿಲ್ಲ. ಆದರೆ ಒಂದು ಮಾತು. ಬಳ್ಳಾರಿ ಜಿಲ್ಲೆಗೆ ಹೊರಗಿನಿಂದ ಕಬ್ಬಿಣ ತರಿಸುವ ಹೆಂಗಸು ಯಾರಿರಬಹುದು, ಯಾಕೆ ತರಿಸುತ್ತಾಳೆ ಎಂದು ಎರಡು ಕಚೇರಿಗಳಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೆ?

ಈಗ ಗೆಡ್ಡೆ ಮಿತಿ ದಾಟಿದೆ. ಪ್ರಯೋಗದವರು ಪಟ್ಟಿಯಿಂದ ಅವರ ಹೆಸರು ತೆಗೆದಿದ್ದಾರೆ. ಮನೋಹರ್‌ಗೆ ಮಾತು ಹೋಗಿದೆ. ಅದಿರಿನ ಲಾರಿ ಸದ್ದು ಕೇಳಿದರೆ ಮಾತ್ರ ಕಣ್ಣು ಕಿಟಕಿಯತ್ತ ತಿರುಗುತ್ತದೆ.

ಹಾಗಾಗಿ ಅನುಮತಿ ಕೊಡಿ ಎಂದು ಕೇಳುತ್ತಿಲ್ಲ. ಆ ಕಡತವನ್ನು ಗಣಿ ಕಚೇರಿಯಿಂದ ವಾಪಸ್ ತರಿಸಿ. ಇದು ಅದಿರಲ್ಲ, ಔಷಧ ಎಂದು ನಿಮ್ಮ ಕೈಯಾರೆ ಬರೆಯಿರಿ. ಆಮೇಲೆ ತಿರಸ್ಕರಿಸಿ. ಆದರೆ ಅವರು ಉಸಿರಾಡುತ್ತಿರುವಾಗಲೇ, ಒಬ್ಬ ರೋಗಿಯ ಅರ್ಜಿಯೆಂದು ಓದಿ ತಿರಸ್ಕರಿಸಿ.

ಇಂತಿ,
ಗುತ್ತಿಗೆ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟ ಅರ್ಜಿದಾರಳು,
ಮನೋಹರ್ ಅವರ ಹೆಂಡತಿ
ಹೊಸಪೇಟೆ, ಜೂನ್ 2007